ಮೂವತ್ತಾರು ಆಳು, ಒಂದು ದನಿ

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ನಾನೂ ನನ್ನ ಹೆಂಡತಿ ಶರಣಮ್ಮನೂ ದೇವದುರ್ಗದ ಬಸ್ ನಿಲ್ದಾಣದಲ್ಲಿ ಸಿರವಾರದ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ನನ್ನ ಕೈಚೀಲದಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು. ಅವಳ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ದಿನದ ಬಟ್ಟೆ. ಮಾನ್ವಿಯಲ್ಲಿ ಒಬ್ಬರನ್ನು ಕಂಡು, ಅಲ್ಲಿಂದ ರಾಯಚೂರಿಗೆ ಹೋಗಿ ಒಂದು ಕಂಪ್ಯೂಟರ್ ಕೊಂಡು ಬರುವುದು ನಮ್ಮ ಕೆಲಸ. ಇಷ್ಟಕ್ಕೆ ಎರಡು ದಿನ ಯಾಕೆ, ಗಂಡ ಹೆಂಡತಿ ಇಬ್ಬರೂ ಯಾಕೆ ಎಂದು ಪಕ್ಕದ ಅಂಗಡಿಯವರು ಕೇಳಿದ್ದರು. ಅವರಿಗೆ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ.

ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಿದೆ. ಇಪ್ಪತ್ತೆರಡು ವರ್ಷ ಊರವರ ಅರ್ಜಿ, ಪಹಣಿ, ಆಧಾರ್ ಕಾರ್ಡುಗಳನ್ನು ನಕಲು ಮಾಡಿದ್ದೇನೆ. ಗಿರಾಕಿ ಇಲ್ಲದಾಗ ಪುಸ್ತಕ ಓದಿದ್ದೇನೆ. ನಿಜ ಹೇಳಬೇಕೆಂದರೆ ಗಿರಾಕಿ ಇದ್ದಾಗಲೂ ಓದಿ ಬೈಸಿಕೊಂಡಿದ್ದೇನೆ. ಅಂಗಡಿಯ ಹಿಂದಿನ ಕಪಾಟಿನಲ್ಲಿ ಸುಮಾರು ಇನ್ನೂರು ಪುಸ್ತಕಗಳಿವೆ. ಎರಡು ವರ್ಷದ ಹಿಂದೆ, ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುವ ಕಾಯಿಲೆ ಬಂದಿದೆಯೆಂದು ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಎಡಗಣ್ಣು ಹೋಗಿಬಿಟ್ಟಿತ್ತು. ಬಲಗಣ್ಣಿನ ನೋಟ ಸುತ್ತಲಿಂದ ಕಿರಿದಾಗುತ್ತಿದೆ. ಹನಿ ಹಾಕುತ್ತಿದ್ದರೆ ನಿಧಾನವಾಗುತ್ತದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಇನ್ನೆಷ್ಟು ದಿನ ಓದಬಹುದು ಎಂದು ಕೇಳಿದೆ. ಮೂರು ವರ್ಷವೋ ನಾಲ್ಕೋ, ಹೇಳಲಾಗದು ಎಂದರು.

ಅಂದಿನಿಂದ ದಿನಾ ಒಂದಿಷ್ಟು ಪುಟಗಳ ಫೋಟೋ ತೆಗೆದೆ. ನಲವತ್ತು ಸಾವಿರ ಪುಟಗಳಾದವು. ಆ ಚಿತ್ರಗಳ ಕಲೆ, ಮಸುಕು ತೆಗೆದು, ಅಕ್ಷರ ಗುರುತಿಸಿ ಕೊಡುವ ತಂತ್ರಾಂಶವಿದೆ. ಹಾಗೆ ಸಿಕ್ಕ ಅಕ್ಷರಗಳನ್ನು ಇನ್ನೊಂದು ತಂತ್ರಾಂಶ ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಹಳೆಯ ಅಚ್ಚಿನಲ್ಲಿ ಯಂತ್ರ ಎಡವುತ್ತದೆ, ತಪ್ಪುಗಳನ್ನು ಕಣ್ಣಿದ್ದವರು ತಿದ್ದಬೇಕು. ನನ್ನ ಪುಸ್ತಕಗಳನ್ನು ನನ್ನ ಕಣ್ಣಿನಿಂದಲೇ ತಿದ್ದಿಡಬೇಕೆಂಬುದು ನನ್ನ ಹಟ. ಅಂಗಡಿಯ ಹಳೆಯ ಕಂಪ್ಯೂಟರಿಗೆ ಒಂದು ಪುಟ ಓದಲು ಎಂಟು ನಿಮಿಷ ಬೇಕಾಗುತ್ತಿತ್ತು. ಆ ಲೆಕ್ಕದಲ್ಲಿ ಪುಸ್ತಕಗಳಿಗಿಂತ ಮೊದಲು ಕಣ್ಣು ಮುಗಿಯುತ್ತಿತ್ತು.

ರಾಯಚೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಒಂದೇ ದುಡ್ಡಿಗೆ ಎರಡು ಯಂತ್ರಗಳಿದ್ದವು. ಒಂದು, ಎಲ್ಲರೂ ಕೊಳ್ಳುವಂಥ ಹೊಸ ಡೆಸ್ಕ್‌ಟಾಪ್ ಪ್ರೊಸೆಸರಿನದು. ಅದಕ್ಕೆ ನಾಲ್ಕು ಕೋರ್. ಇನ್ನೊಂದು, ಯಾವುದೋ ಕಂಪನಿ ತೆಗೆದುಹಾಕಿದ ಹಳೆಯ ಸರ್ವರ್ ಯಂತ್ರ. ಒಂದೇ ಬೋರ್ಡಿನ ಮೇಲೆ ಎರಡು ಸರ್ವರ್ ಪ್ರೊಸೆಸರ್, ಒಟ್ಟು ಮೂವತ್ತಾರು ಕೋರ್. ಕೋರ್ ಎಂದರೆ ಪ್ರೊಸೆಸರಿನೊಳಗೆ ದುಡಿಯುವ ಆಳು ಎಂದು ಶರಣಮ್ಮನಿಗೆ ಹೇಳಿಕೊಟ್ಟಿದ್ದೆ. ಅಂಗಡಿಯವರು ಫೋನಿಗೆ ಕಳಿಸಿದ ಫೋಟೋ ನೋಡಿದ ದಿನವೇ ಆ ಮೂವತ್ತಾರಕ್ಕೆ ಮನಸೋತಿದ್ದೆ. ಮಾನ್ವಿಗೆ ಹೋಗುತ್ತಿದ್ದದ್ದು ಸಲಹೆ ಕೇಳಲು ಅಂತ ಹೆಸರಿಗೆ, ಒಳಗೊಳಗೆ ಬೇಕಾಗಿದ್ದದ್ದು ಒಪ್ಪಿಗೆ.

ಬಸ್ಸು ಏಳೂಕಾಲಕ್ಕೆ ಹೊರಟಿತು. ಸಿರವಾರಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು, ನನಗೆ ನಲವತ್ತು ಚಿಲ್ಲರೆ ರೂಪಾಯಿ. ಹೆಂಗಸರಿಗೆ ಈಗ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಶರಣಮ್ಮ ಸೊನ್ನೆ ರೂಪಾಯಿಯ ಟಿಕೆಟನ್ನು ನನ್ನ ಮುಂದೆ ಹಿಡಿದು ತೋರಿಸಿದಳು. ಪ್ರತಿ ಸಲವೂ ತೋರಿಸುತ್ತಾಳೆ. ಅವಳು ಕೂತದ್ದು ನನ್ನ ಎಡಕ್ಕೆ. ಬಾಗಿಲು, ಕಂಬಗಳಿಗೆ ನಾನು ಎಡಭುಜ ಬಡಿಸಿಕೊಳ್ಳಲು ಶುರುಮಾಡಿದಂದಿನಿಂದ ಅವಳ ಜಾಗ ಅದೇ. ನನಗೆ ಕಾಣದ ಆ ಕಡೆಯದನ್ನೆಲ್ಲ ಅವಳು ದಾರಿಯುದ್ದಕ್ಕೂ ಹೇಳುತ್ತಾಳೆ. ಕುರಿ ಹಿಂಡು ಬಂತು, ಹೊಸ ಪೆಟ್ರೋಲ್ ಬಂಕ್ ಆಗಿದೆ, ಯಾರದೋ ತೊಗರಿ ರಾಶಿ ನಡೆದಿದೆ. ಕೇಳಿ ಕೇಳಿ ಅದು ನನಗೆ ಬಸ್ಸಿನ ಸದ್ದಿನಷ್ಟೇ ರೂಢಿಯಾಗಿತ್ತು.

ಸಿರವಾರದಲ್ಲಿ ಬಸ್ಸು ಬದಲಿಸಿ, ನಿಲ್ದಾಣದ ಹೊರಗೆ ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಮಾನ್ವಿಯ ಬಸ್ಸಿಗೆ ಹೆಂಗಸರ ದೊಡ್ಡ ಗುಂಪೊಂದು ಹತ್ತಿತು. ಪೋತ್ನಾಳದ ಕಡೆ ಎರಡನೆಯ ಬೆಳೆಗೆ ಕಾಲುವೆ ನೀರು ಬಂದಿತ್ತು, ಅವರು ಭತ್ತದ ನಾಟಿಗೆ ಹೊರಟವರು. ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದು, ಒಂದು ಊರಿನ ಗದ್ದೆ ಮುಗಿಸಿ ಮುಂದಿನ ಊರಿಗೆ ಹೋಗುತ್ತಾರೆ. ಶರಣಮ್ಮ ಮದುವೆಗೆ ಮುಂಚೆ ಹೀಗೇ ಗುಂಪಿನೊಡನೆ ಪೋತ್ನಾಳಕ್ಕೆ ನಾಟಿಗೆ ಹೋಗುತ್ತಿದ್ದವಳು. ಐದು ನಿಮಿಷದಲ್ಲಿ ಅವರಲ್ಲಿ ಒಬ್ಬಳಾಗಿಬಿಟ್ಟಳು. ಗುಂಪಿನಲ್ಲಿ ಎಷ್ಟು ಮಂದಿ ಎಂದು ನಾನು ಕೇಳಿದೆ. ಮೂವತ್ತೆರಡು ಎಂದರು. ನನ್ನ ಯಂತ್ರ ಇವರಿಗಿಂತ ನಾಲ್ಕು ಆಳು ಹೆಚ್ಚು ಎಂದು ಮನಸ್ಸಿನಲ್ಲೇ ಹೆಮ್ಮೆಪಟ್ಟೆ.

ಮಾನ್ವಿಯಲ್ಲಿ ನಾವು ಕಾಣಬೇಕಾಗಿದ್ದವರು ಸುಧಾಬಾಯಿಯವರು. ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುತ್ತಾರೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅವರ ದೃಷ್ಟಿ ಪೂರ್ತಿ ಹೋಯಿತು. ಮೊದಲು ದೇವದುರ್ಗದಲ್ಲಿದ್ದಾಗ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ನನ್ನ ಅಂಗಡಿಗೆ ಬರುತ್ತಿದ್ದರು. ಅವರು ಹೇಳುವುದು, ನಾನು ಟೈಪ್ ಮಾಡುವುದು. ಈಗ ಮಾತಾಡುವ ಕಂಪ್ಯೂಟರಿನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಅವಲಕ್ಕಿ, ಮಜ್ಜಿಗೆ ಕೊಟ್ಟು ಕೂರಿಸಿಕೊಂಡರು. ನಾನು ಮೂವತ್ತಾರರ ಗುಣಗಾನ ಮಾಡಿದೆ. ಎಲ್ಲ ಕೇಳಿಸಿಕೊಂಡು, ಹೆಗಲ ಮೇಲೆ ಟವೆಲಿದ್ದರೆ ಅದನ್ನು ಕಣ್ಣಿಗೆ ಕಟ್ಟಿಕೊಳ್ಳಲು ಹೇಳಿದರು.

ಕಟ್ಟಿಕೊಂಡೆ. ತಮ್ಮ ಕಂಪ್ಯೂಟರಿನ ಮುಂದೆ ಕೂರಿಸಿ, ಅದರೊಳಗಿರುವ ಒಂದು ಕಾಗದವನ್ನು ಹುಡುಕಿ ತೆರೆಯಿರಿ ಎಂದರು. ಇಪ್ಪತ್ತೆರಡು ವರ್ಷ ಕೀಲಿಮಣೆ ಬಡಿದ ಕೈಗೆ ಅಂದು ಏನೂ ತಿಳಿಯಲಿಲ್ಲ. ಟವೆಲಿನ ಕತ್ತಲಲ್ಲಿ ಬೆವೆತೆ. ಮುಂದೆ ಬರುವುದು ಇದೇ, ಇದನ್ನು ಬಿಚ್ಚಿಡಲಾಗುವುದಿಲ್ಲ ಎಂಬುದು ಮೊದಲ ಸಲ ಅರಿವಾಯಿತು. ನನಗೆ ಭಯವಾಯಿತು. ಸುಧಾಬಾಯಿಯವರು ಅವಸರ ಮಾಡಲಿಲ್ಲ. ಕೀಲಿ ಒತ್ತಿದೊಡನೆ ದನಿ ಏನು ಹೇಳುತ್ತದೋ ಅದನ್ನೇ ಕೈಹಿಡಿದು ಮುಂದಕ್ಕೆ ಹೋಗಿ ಎಂದರು. ಹೋದೆ. ಅರ್ಧ ಗಂಟೆಗೆ ಕಾಗದ ಸಿಕ್ಕಿತು.

"ಈಗ ನೋಡಿಕೊಂಡು ತಗೋಳಿಕ್ಕೆ ಹೊಂಟೀರಿ," ಎಂದರು ಅವರು. "ನಾಳೆ ಅದರ ಜೋಡಿ ಇರಾವ್ರು ಕೇಳೋ ಮನುಷ್ಯಾರು. ಅಂಗಡ್ಯಾಗ ಹಿಂಗ ಕಣ್ಣು ಕಟ್ಕೊಂಡು ಎರಡೂ ಬಳಸಿ ನೋಡ್ರಿ. ಆ ಮ್ಯಾಲೆ ಯಾವುದು ಬೇಕೋ ತಗೋರಿ."

ಒಪ್ಪಿಗೆಯ ಬದಲು ಒಂದು ಪರೀಕ್ಷೆ ಹೊತ್ತುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ಮಾನ್ವಿಯಿಂದ ರಾಯಚೂರಿಗೆ ಐವತ್ತು ಕಿಲೋಮೀಟರಿಗೆ ಹತ್ತಿರ. ಬಿಸಿಲು ಚುರುಕಾಗಿತ್ತು. ಶರಣಮ್ಮ ಎಡಗಡೆಯ ಗದ್ದೆಗಳ ಸುದ್ದಿ ಹೇಳುತ್ತಿದ್ದಳು, ನಾನು ಸಿಡುಕಿ, ಸ್ವಲ್ಪ ಸುಮ್ಮನಿರು ಎಂದೆ. ಕಲ್ಮಲ ದಾಟುವವರೆಗೂ ಅವಳು ಬಾಯಿ ಬಿಡಲಿಲ್ಲ. ಆಗ ಎಡಕ್ಕೆ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಆ ರಾತ್ರಿ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ತಂಗಿದೆವು.

ಮರುದಿನ ಹತ್ತಕ್ಕೆ ತೀನ್ ಕಂದೀಲ್ ವೃತ್ತದ ಹತ್ತಿರದ ಒಂದು ಓಣಿಯಲ್ಲಿ ಅಂಗಡಿ ಹುಡುಕಿದೆವು. ಯಜಮಾನರು ಖಲೀಲಸಾಬರು, ನನ್ನದೇ ವಯಸ್ಸಿನವರು. ಟವೆಲಿನ ವಿಷಯ ಹೇಳಲು ನನಗೆ ಸಂಕೋಚ, ಶರಣಮ್ಮ ಹೇಳಿದಳು. ಅವರು ನಗಲಿಲ್ಲ. ಮೊದಲು ಚಹಾ ತರಿಸಿ, ಆಮೇಲೆ ಎರಡೂ ಯಂತ್ರಗಳನ್ನು ಒಂದೇ ಮೇಜಿನ ಮೇಲೆ ಜೋಡಿಸಿದರು. "ಇವತ್ತ ಗಿರಾಕಿ ಕಮ್ಮಿ ಅದಾರ್ರೀ ಅಣ್ಣಾರ. ನಿಮಗ ತಸಲ್ಲಿ ಆಗೂತನಕ ನೋಡ್ರಿ," ಎಂದರು.

ಮೊದಲು ಕಣ್ಣು ಬಿಟ್ಟುಕೊಂಡೇ ನನ್ನ ಡಿಸ್ಕಿನಿಂದ ಹತ್ತು ಪುಟಗಳನ್ನು ಎರಡಕ್ಕೂ ಕೊಟ್ಟೆವು. ಸರ್ವರ್ ಯಂತ್ರ ಮೂರು ನಿಮಿಷದಲ್ಲಿ ಮುಗಿಸಿತು. ಡೆಸ್ಕ್‌ಟಾಪಿಗೆ ಹತ್ತು ನಿಮಿಷ. ನೋಡಿದೆಯಾ ಎಂದು ಶರಣಮ್ಮನ ಕಡೆ ತಿರುಗಿದೆ. ಅವಳು ನನ್ನ ಹೆಗಲಿಂದ ಟವೆಲ್ ತೆಗೆದು ಕಣ್ಣಿಗೆ ಕಟ್ಟಿ, ಹಿಂದೆ ಗಂಟು ಬಿಗಿದಳು.

ಕಣ್ಣು ಮುಚ್ಚಿದ ಮೇಲೆ ಮೊದಲು ಕಿವಿಗೆ ಬಿದ್ದದ್ದು ಸರ್ವರ್ ಯಂತ್ರದ ಫ್ಯಾನುಗಳು. ಅಕ್ಕಿ ಗಿರಣಿಯೊಳಗೆ ಕೂತಂತಾಯಿತು. ಮನುಷ್ಯರ ದನಿಯಂತೆಯೇ ಓದುವ ಹೊಸ ತಂತ್ರಾಂಶವನ್ನು ಖಲೀಲಸಾಬರು ಎರಡರಲ್ಲೂ ಹಾಕಿಟ್ಟಿದ್ದರು. ಕೀಲಿ ಒತ್ತಿದೆ, ದನಿ ಬರಲಿಲ್ಲ. ಮತ್ತೆ ಒತ್ತಿದೆ, ಆಗ ಮೊದಲು ಒತ್ತಿದ್ದಕ್ಕೆ ಉತ್ತರ ಬಂತು. ನಾನು ಎಲ್ಲಿದ್ದೇನೆ ಎಂಬುದೇ ತಪ್ಪಿಹೋಯಿತು. ಓದಿ ಹೇಳುವುದು ಒಬ್ಬ ಆಳಿನ ಕೆಲಸ. ಆ ಒಬ್ಬನಿಗೆ ವಯಸ್ಸಾಗಿತ್ತು, ಉಳಿದ ಮೂವತ್ತೈದು ಮಂದಿ ಪಕ್ಕದಲ್ಲಿ ನಿಂತು ಗದ್ದಲ ಮಾಡುತ್ತಿದ್ದರು. ಹಟ ಬಿಡದೆ ಅರ್ಧ ಗಂಟೆ ಒದ್ದಾಡಿದೆ.

ಆಮೇಲೆ ಡೆಸ್ಕ್‌ಟಾಪ್. ಅದು ಚಾಲೂ ಇದೆಯೋ ಇಲ್ಲವೋ ಎಂಬಷ್ಟು ಸದ್ದಿಲ್ಲ. ಕೀಲಿಯಿಂದ ಬೆರಳು ಎತ್ತುವ ಮುಂಚೆ ಹೆಂಗಸಿನ ದನಿಯೊಂದು ಸ್ಪಷ್ಟವಾಗಿ ಹೇಳಿತು: "ಈ ಪುಸ್ತಕ ಮಾರಾಟಕ್ಕಿಲ್ಲ. ಕೇಳಬೇಡಿ." ನಾನು ಬೆಚ್ಚಿಬಿದ್ದೆ. ಪುಸ್ತಕಗಳ ಮೊದಲ ಪುಟದಲ್ಲಿ ನಾನೇ ಒತ್ತಿದ್ದ ರಬ್ಬರ್ ಸ್ಟಾಂಪು ಅದು! ಶರಣಮ್ಮ ನಕ್ಕಳು, ನಾನೂ ನಕ್ಕೆ. ಮುಂದಿನ ಪುಟಗಳಿಗೆ ಹೋದೆ, ಹಿಂದಕ್ಕೆ ಬಂದೆ. ದನಿ ಎಲ್ಲಿಯೂ ಕೈಬಿಡಲಿಲ್ಲ. ಹದಿನೈದು ವರ್ಷದ ಹಿಂದೆ ಅಂಗಡಿಯಲ್ಲಿ ಕೂತು ಓದಿದ್ದ ಪುಟವನ್ನು ಕತ್ತಲಲ್ಲಿ ಕೂತು ಪೂರ್ತಿ ಕೇಳಿದೆ. ಟವೆಲು ಒದ್ದೆಯಾದದ್ದು ಬೆವರಿನಿಂದ ಮಾತ್ರವಲ್ಲ.

ಟವೆಲು ಬಿಚ್ಚಿದ ಮೇಲೂ ಮನಸ್ಸು ಎರಡಾಗಿಯೇ ಇತ್ತು. ಮುಂದಿನ ಬದುಕಿಗೆ ಯಾವುದು ಎಂದು ಕಿವಿ ಹೇಳಿತ್ತು. ಆದರೆ ಪದೇ ಪದೇ ಹೋಗುವ ನಮ್ಮೂರಿನ ಕರೆಂಟಿನಲ್ಲಿ ಡೆಸ್ಕ್‌ಟಾಪ್ ನಲವತ್ತು ಸಾವಿರ ಪುಟ ಮುಗಿಸಲು ಮೂರು ತಿಂಗಳು ಬೇಕು. ಸರ್ವರಿಗಾದರೆ ಒಂದು ತಿಂಗಳೂ ಬೇಡ. ತಿದ್ದಲು ಕಣ್ಣು ಬೇಕಾದದ್ದು ಈಗ. ನಡುವಿನ ಆ ಎರಡು ತಿಂಗಳು ನನ್ನ ಬಲಗಣ್ಣಿನಿಂದ ಹೋಗುವಂಥವು. ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಖಲೀಲಸಾಬರು ಗಡ್ಡ ಕೆರೆದುಕೊಂಡರು. ಶರಣಮ್ಮ ಸರ್ವರ್ ಯಂತ್ರವನ್ನೇ ನೋಡುತ್ತ ಕೇಳಿದಳು:

"ನಾಟಿ ಮುಗಿದ ಮ್ಯಾಗ ಆ ಮೂವತ್ತಾರು ಮಂದೀನ ಮನಿಗಿ ಕರ್ಕೊಂಡು ಹೋಗಿ ಏನ್ ಮಾಡ್ತೀರಿ? ಗದ್ದಿ ಕೆಲಸಕ್ಕ ಗುತ್ತಿಗಿ ಮಾತಾಡ್ರಿ. ಮನ್ಯಾಗ ಕುಂತು ಓದಿ ಹೇಳಾಕ ಒಬ್ಬರು ಇದ್ರ ಸಾಕು."

ತಿಂಗಳುಗಟ್ಟಲೆ ಅಂತರ್ಜಾಲದಲ್ಲಿ ಎರಡೂ ಪ್ರೊಸೆಸರುಗಳ ಗುಣದೋಷ ಓದಿದ್ದೆ. ಕೊಳ್ಳದೆಯೂ ದುಡಿಸಿಕೊಳ್ಳಬಹುದು ಎಂದು ಹೊಳೆದಿರಲಿಲ್ಲ. ಖಲೀಲಸಾಬರು ತಲೆಯಾಡಿಸಿದರು.

"ಅಕ್ಕಾರ ಹೇಳಿದ್ದು ಖರೇ ಅದ," ಎಂದರು. "ಡಿಸ್ಕ್ ಇಲ್ಲೇ ಬಿಡ್ರಿ. ಮಾರಾಟ ಆಗೂತನಕ ಈ ಮಷೀನ್ ಸುಮ್ನ ಕುಂತಿರತದ. ಎಂಟ್ಹತ್ತು ದಿನ ನಿಮ್ಮ ಕೆಲಸಾನ ಮಾಡ್ಲಿ. ನಮ್ಮ ಕಡೆ ಕರೆಂಟ್ ಅಷ್ಟು ಹೋಗಂಗಿಲ್ಲ, ದೊಡ್ಡ ಇನ್ವರ್ಟರೂ ಅದ."

ಕರೆಂಟಿನ ಖರ್ಚು ಬಿಟ್ಟು ಬೇರೇನೂ ತೆಗೆದುಕೊಳ್ಳಲು ಒಪ್ಪಲಿಲ್ಲ. ಹೇಳಿದ ಮಾತು ಉಳಿಸಿಕೊಂಡರು ಕೂಡ. ಒಂಬತ್ತನೆಯ ದಿನ ದೇವದುರ್ಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡಿಸ್ಕ್ ಬಂತು, ಇನ್ನೂರು ಪುಸ್ತಕವೂ ಅಕ್ಷರವಾಗಿತ್ತು. ದಿನಾ ಬೆಳಿಗ್ಗೆ ಕಣ್ಣು ತಾಜಾ ಇರುವಾಗ ಇಪ್ಪತ್ತು ಮೂವತ್ತು ಪುಟ ತಿದ್ದುತ್ತಿದ್ದೇನೆ. ಮೊದಲು ಯಾವ ಪುಸ್ತಕ ಎಂದು ಆರಿಸುವುದೇ ಈಗಿನ ಕಷ್ಟ. ಸುಧಾಬಾಯಿಯವರಿಗೂ ಖಲೀಲಸಾಬರಿಗೂ ಫೋನಿನಲ್ಲಿ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತೇನೆ: ನಿಮ್ಮ ಋಣ ದೊಡ್ಡದು.

ಅಂದು ಡೆಸ್ಕ್‌ಟಾಪಿನ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ನಾಲ್ಕು ಗಂಟೆಯ ದೇವದುರ್ಗದ ಬಸ್ಸಿನಲ್ಲಿ ಕೂತೆ. ಶರಣಮ್ಮ ಎಂದಿನಂತೆ ನನ್ನ ಎಡಕ್ಕೆ ಕೂತಳು, ಸೊನ್ನೆಯ ಟಿಕೆಟ್ ತೋರಿಸಿದಳು. ಕಲ್ಮಲ ಬಂತು, ಹೋಯಿತು. ಅವಳು ಏನೂ ಹೇಳಲಿಲ್ಲ. ಗಬ್ಬೂರಿನ ಹತ್ತಿರ ಬಂದರೂ ಸುಮ್ಮನೇ ಇದ್ದಳು. ಎಡಗಡೆಯೇ ಇಲ್ಲದ ದಾರಿಯಲ್ಲಿ ಬಸ್ಸು ಹೋಗುತ್ತಿದೆ ಅನ್ನಿಸಿ ಯಾಕೆ ಮಾತಿಲ್ಲ ಎಂದು ಕೇಳಿದೆ.

"ನಿನ್ನಿ ನೀವೇ ಸುಮ್ನಿರು ಅಂದ್ರಿ. ಈಗಂತೂ ಓದಿ ಹೇಳಾಕ ಮಷೀನ ಬಂತಲ್ಲ," ಎಂದಳು.

ತಪ್ಪಾಯಿತು ಎಂದೆ. ಎರಡು ವರ್ಷದಿಂದ ಅರ್ಧ ಜಗತ್ತನ್ನು ನಾನು ನಿನ್ನ ಬಾಯಿಂದಲೇ ನೋಡಿದ್ದೇನೆ, ಒಂದು ದಿನವೂ ನಿನಗೆ ಒಳ್ಳೆಯ ಮಾತು ಹೇಳಿಲ್ಲ ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಡಬ್ಬ ಜಾರದಂತೆ ಅದರ ಮೇಲೆ ಒಂದು ಕೈ ಇಟ್ಟಳು. ನಾನು ಕಣ್ಣು ಮುಚ್ಚಿದೆ. ಈ ಸಲ ಟವೆಲು ಬೇಕಾಗಲಿಲ್ಲ, ಭಯವೂ ಆಗಲಿಲ್ಲ.

"ಹತ್ತಿ ಹೊಲ ಅದ," ಎಂದಳು. "ಕಡೀ ಸಲದ ಬಿಡಸೂದು ಇರಬೇಕು. ನಾಕು ಮಂದಿ ಬಿಡಸಾಕತ್ತಾರ. ಒಬ್ಬಾಕಿ ಬಸ್ಸಿಗಿ ಕೈ ಬೀಸಾಕತ್ತಾಳ."

ಕಣ್ಣು ತೆರೆಯದೆ, ಎಡಕ್ಕೆ ತಿರುಗಿ ನಾನೂ ಕೈ ಬೀಸಿದೆ.