ತತ್ತಿ ಮೀನಿನ ಬಯಕೆ

ನಿಡೋಣಿಯ ಹನಮವ್ವನಿಗೆ ಆಗಾಗ ಒಂದೇ ಕನಸು ಬೀಳುತ್ತದೆ. ಬಿಳಿಜೋಳದ ಹೊಲದ ತುಂಬ ತಿಳಿನೀರು, ದಂಟುಗಳ ನಡುವೆ ಮೀನುಗಳು ಸದ್ದಿಲ್ಲದೆ ಓಡಾಡುತ್ತವೆ. ಎದ್ದ ಮೇಲೂ ಅರೆಗಳಿಗೆ ಎಚ್ಚರ ಯಾವುದು, ಕನಸು ಯಾವುದು ಅವಳಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ತಪ್ಪೇನು ಬಿಡಿ. ಅವಳು ಹುಡುಗಿಯಾಗಿದ್ದಾಗ ಕುಂಟಾಬಿಲ್ಲೆ ಆಡಿದ ಒಣ ಕೆರೆಯಂಗಳದಲ್ಲಿ ಈಗ ಕೃಷ್ಣೆಯ ನೀರು ನಿಂತಿದೆ. ದೊಡ್ಡ ಪೈಪಿನಲ್ಲಿ ಹತ್ತಿ ಬಂದದ್ದು. ದಂಡೆಯ ಮೇಲೆ ಅವಳದೊಂದು ತಗಡಿನ ಖಾನಾವಳಿ. ಗೋಳಗುಮ್ಮಟ ನೋಡಲು ಬಂದವರೂ ದಾರಿ ಕೇಳಿಕೊಂಡು ಬಂದು, ಅವಳ ಶೇಂಗಾಪುಡಿ ಹಾಕಿದ ಮೀನಿನ ಸಾರಿಗೆ ರೊಟ್ಟಿ ಮುರಿದುಕೊಂಡು ಕೂಡುತ್ತಾರೆ.

ಮೀನಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಎಳ್ಳಷ್ಟೂ ತಿಳಿವಳಿಕೆ ಇರಲಿಲ್ಲ. ಕೆರೆ ತುಂಬಿದ ಹೊಸದರಲ್ಲಿ, ಮುಂಗಾರು ಶುರುವಾಗುವ ಮಿರಗದ ಮಳೆಗೆ ಹೊಟ್ಟೆಯುಬ್ಬಿದ ಮೀನು ಸಿಕ್ಕರೆ ಊರಿಗೇ ಹಬ್ಬ. ಹೊಟ್ಟೆಯೊಳಗಿನ ತತ್ತಿ ಹುರಿದರೆ ಅದಕ್ಕೆ ಜಗಳ. ಹನಮವ್ವನೇ ಬಾಣಲೆಗಟ್ಟಲೆ ಹುರಿದು ಬಡಿಸಿದಳು. ಮೂರನೆಯ ವರ್ಷ ಬಲೆಯಲ್ಲಿ ಬರೀ ಪಾಚಿ. ಇದು ತನ್ನ ಕೈಯಿಂದಲೇ ಆದದ್ದೆಂದು ಅವಳು ಎರಡು ದಿನ ಒಲೆ ಹಚ್ಚಲಿಲ್ಲ. ಮರುವರ್ಷ ಹೊಸ ನೀರಿನೊಡನೆ ಮತ್ತೆ ಮೀನು ಬಂದವು. ಅಂದಿನಿಂದ ಮೀನು ಹಿಡಿಯುವ ಭಾಗಪ್ಪ, ಮರಿಗಳು ಪಾರಾಗಲೆಂದು, ದೊಡ್ಡ ಕಣ್ಣಿನ ಬಲೆಯನ್ನಷ್ಟೇ ಬೀಸುತ್ತಾನೆ. ಮಳೆ ಬಿದ್ದ ಮೇಲೆ ಹನಮವ್ವ ಹೆಬ್ಬೆರಳಿನಿಂದ ಪ್ರತಿ ಮೀನಿನ ಹೊಟ್ಟೆ ಒತ್ತಿ ನೋಡಿ, ತುಂಬಿದ್ದನ್ನು ನೀರಿಗೆ ಬಿಡಿಸುತ್ತಾಳೆ. ಎಂಥ ದೊಡ್ಡ ಮನುಷ್ಯ ಕೇಳಿದರೂ ತತ್ತಿ ಇಲ್ಲ.

ಈ ಮಿರಗಕ್ಕೆ ಕೇಳಿದವಳು ಮಾತ್ರ ಮಗಳು ವಿಶಾಖಾ. ತಿಕೋಟಾದಿಂದ ಚೊಚ್ಚಲ ಹೆರಿಗೆಗೆ ಬಂದ ಏಳು ತಿಂಗಳ ಬಸುರಿ. ಚಿಕ್ಕಂದಿನಲ್ಲಿ ತಿಂದ ತತ್ತಿಯ ರುಚಿ ನಾಲಿಗೆ ಬಿಟ್ಟು ಹೋಗುತ್ತಿಲ್ಲವಂತೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬ ಅಂಜಿಕೆ ನಮ್ಮ ಹೆಂಗಸರಿಗೆ ಹಾಲಿನ ಜೊತೆ ಬಂದದ್ದು. ಹನಮವ್ವ ಮೂರು ದಿನ ಒದ್ದಾಡಿದಳು. ನಾಲ್ಕನೆಯ ದಿನ ಮುಖ ನೋಡದೆಯೇ ಭಾಗಪ್ಪನಿಗೆ ಒಂದೇ ಒಂದು ತತ್ತಿ ಮೀನು ತರಲು ಹೇಳಿದಳು. ಅವನೂ ಅವಳ ಮುಖ ನೋಡದೆ ತಂದುಕೊಟ್ಟ.

ಬೋಗಾಣಿಯ ನೀರಿನಲ್ಲಿ ಗೆಂಡೆಮೀನು ನಿಧಾನ ಬಾಯಿ ತೆರೆದು ಮುಚ್ಚುತ್ತಿತ್ತು. ತಗಡಿನ ತೂತಿನಿಂದ ಬಿದ್ದ ಬೆಳಕು ಅದರ ಹೊಟ್ಟೆಯ ಮೇಲೆ ಅಲುಗಾಡುತ್ತಿತ್ತು. ಹನಮವ್ವ ಈಳಿಗೆ ಎಳೆದುಕೊಂಡಳು. ವಿಶಾಖಾ ಪಕ್ಕದಲ್ಲಿ ಕಷ್ಟಪಟ್ಟು ಕುಳಿತು, ತಾಯಿ ನೋಡುವ ಹಾಗೆಯೇ ಮೀನಿನ ಹೊಟ್ಟೆಗೆ ಹೆಬ್ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಎಷ್ಟ ತಿಂಗಳ ಆಗ್ಯಾವಬೇ ಇದಕ್ಕ?"

ಹನಮವ್ವನ ಕೈ ಈಳಿಗೆಯ ಮೇಲೆ ನಿಂತಿತು, ಕಣ್ಣು ತುಂಬಿತು. ಆದರೂ ಕೂಸಿನ ಕಿವಿಯ ಅಂಜಿಕೆಯನ್ನು ಮಗಳ ಮುಂದೆ ಆಡಿಯೇಬಿಟ್ಟಳು.

"ಕಿವಿ ಸೋರಿದ್ರ ಎಣ್ಣಿ ಹಾಕೂಣು," ಎಂದಳು ವಿಶಾಖಾ. "ಕೆರಿ ಬರಿದಾದ್ರ ಏನ ಹಾಕ್ತಿ?"

ಇಬ್ಬರೂ ದಂಡೆಗೆ ಇಳಿದು ಬೋಗಾಣಿ ಬಾಗಿಸಿದರು. ಮೀನು ಒಂದು ಗಳಿಗೆ ಅವರ ಕಾಲ ಬಳಿಯೇ ತೇಲಿ, ಆಮೇಲೆ ಹೋಯಿತು. ಅಂದು ಹನಮವ್ವ ತತ್ತಿಗೆಂದು ಅರೆದಿಟ್ಟ ಮಸಾಲೆಯಲ್ಲೇ ಗಂಡುಮೀನಿನ ಸಾರು ಮಾಡಿದಳು. ಮಗಳು ಎರಡು ರೊಟ್ಟಿ ಉಂಡು ಅಲ್ಲೇ ಚಾಪೆಯ ಮೇಲೆ ಕಣ್ಣು ಮುಚ್ಚಿದಳು. ಹನಮವ್ವ ಅವಳ ಹೊಟ್ಟೆಯ ಮೇಲೆ, ಹೆಬ್ಬೆರಳಲ್ಲ, ಇಡೀ ಅಂಗೈ ಇಟ್ಟು ಕುಳಿತಳು. ಒಳಗೆ ಏನೋ ಮೆಲ್ಲಗೆ ಹೊರಳಿ ಮತ್ತೆ ಸುಮ್ಮನಾಯಿತು.