ನಮ್ಮ ಮನೆಯಲ್ಲಿ ನಡೆಯದ ಕಂಟ್ರೋಲರ್

ಈ ಭಾನುವಾರ ಕಪಾಟು ಒರೆಸುವಾಗ ಹಳೆಯ ಡೈರಿಗಳ ಹಿಂದಿನಿಂದ ಒಂದು ಬಟ್ಟೆಯ ಚೀಲ ಕೈಗೆ ಬಂತು. ಜುಬ್ಬಾದ ಉಳಿಕೆ ಬಟ್ಟೆ, ಬಾಯಿಗೆ ಲಾಡಿ. ಒಳಗೊಂದು ಗೇಮ್ ಕಂಟ್ರೋಲರ್. ನಮ್ಮ ಮನೆಯ ಯಾವ ಯಂತ್ರಕ್ಕೂ ಅದು ಹೊಂದುವುದಿಲ್ಲ. ಆದರೂ ಕೊಂಡವಳು ನಾನೇ. ಎಲ್ಲದಕ್ಕೂ ಲೆಕ್ಕ ಇಡುವ ಹುಡುಗಿ ಇಂಥದ್ದನ್ನು ಯಾಕೆ ಕೊಂಡಳು ಎಂದು ನಿಮಗೆ ನಗು ಬಂದರೆ ನಕ್ಕುಬಿಡಿ.

ಅದು ಗೆಳತಿ ಶಬಾನಾಳ ಮನೆಯ ಯಂತ್ರಕ್ಕೆ ಹೊಂದುವಂಥದ್ದು; ಅಲ್ಲಿ ಹೋಗಿ ಅವಳ ಜೊತೆ ಆಡಲೆಂದೇ ಕೊಂಡಿದ್ದೆ. ಮಿಶ್ರಿಕೋಟಿಯಲ್ಲಿ ನಮ್ಮ ಓಣಿ ದಾಟಿದರೆ ಅವಳ ಅಬ್ಬಾನ ಟೇಲರ್ ಅಂಗಡಿ, ಅದರ ಹಿಂದೆಯೇ ಮನೆ. ನಾವು ಕಾಲೇಜಿಗೆ ಹೋಗುವಾಗ ಅವಳ ಅಣ್ಣ ಹುಬ್ಬಳ್ಳಿಯಿಂದ ಯಾರೋ ಬಳಸಿದ, ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ತಂದಿದ್ದ. ನನಗೆ ನಮ್ಮ ಮಾವ ಬೇರೆ ಕಂಪನಿಯದನ್ನು ಕೊಡಿಸಿದ್ದರು. ನನ್ನದರಲ್ಲಿ ಹೊರಗಿನ ಕಂಪನಿಗಳು ಮಾಡಿದ ಆಟಗಳೆಲ್ಲ ನಡೆಯುತ್ತಿದ್ದವು. ಡೈರಿಯ ಪ್ರಕಾರ ಮೂವತ್ತೊಂದು. ಅವಳ ಬಳಿ ಇದ್ದದ್ದು ನಾಲ್ಕೇ. ಆದರೆ ಆ ನಾಲ್ಕರಲ್ಲಿ ಒಂದು, ಇಬ್ಬರು ಟಪಾಲಿನವರು ಬೆಟ್ಟ ದಾಟಿ ಕಾಗದ ಮುಟ್ಟಿಸುವ ಆಟ, ಅವಳ ಕನ್ಸೋಲ್ ಬಿಟ್ಟರೆ ಇನ್ನೆಲ್ಲೂ ಸಿಗುತ್ತಿರಲಿಲ್ಲ.

ನನಗಿದು ಶುದ್ಧ ಅನ್ಯಾಯ ಎನಿಸುತ್ತಿತ್ತು. ಡೈರಿಯಲ್ಲಿ ಪುಟ ತುಂಬ ವಾದ ಬರೆದು, ಅವಳ ಮುಂದೆ ಓದಿಯೂ ತೋರಿಸಿದ್ದೆ.

"ಒಂದು ಚಾನೆಲ್ ನಮ್ಮ ಟಿವ್ಯಾಗಷ್ಟ ಬರತೈತಿ ಅಂದ್ರ ನೀ ಸುಮ್ನಿರ್ತಿಯೇನಬೇ? ಕನ್ಸೋಲ್ ಮಾಡಾವರು ಎಲ್ಲಾರ ಆಟಕ್ಕೂ ಜಾಗಾ ಕೊಡಬೇಕು. ತಮ್ಮದನ್ನ ಬಚ್ಚಿಟ್ಟುಕೋಬಾರದು."

"ಹಂಗಾರ ನಿನ್ನ ಡಬ್ಬಿಗೂ ನನ್ನ ಡಬ್ಬಿಗೂ ಏನಬೇ ಫರಕು?" ಎಂದಳು ಶಬಾನಾ. "ನಿಂದರಾಗ ಮೂವತ್ತೊಂದು ಅದಾವಲ್ಲ, ಮತ್ತ ಐತವಾರ ಬಂತಂದ್ರ ಇಲ್ಲೇ ಯಾಕ ಬಂದು ಕುಂದರ್ತಿ?"

"ಆಟಕ್ಕ."

"ಹೌದೌದು, ಆಟಕ್ಕ. ಅಮ್ಮೀ ಮಾಡೂ ಚಹಾಕ್ಕಂತೂ ಅಲ್ಲ."

ಅವಳ ಅಬ್ಬಾ, ನನಗೆ ಚಾಚಾ, ಹೊಲಿಗೆ ಮಷಿನ್ ತುಳಿಯುತ್ತಲೇ, "ಹಿಂಗ ಜಗಳಾಡ್ರಿ, ನನಗ ರೇಡಿಯೋ ಬ್ಯಾಡ" ಎನ್ನುತ್ತಿದ್ದರು. ನಾನು ಕಂಟ್ರೋಲರನ್ನು ಬರಿಗೈಯಲ್ಲಿ ಹಿಡಿದು ಬರುವುದನ್ನು ನೋಡಿ ಈ ಚೀಲ ಹೊಲಿದುಕೊಟ್ಟವರೂ ಅವರೇ.

ಆ ಭಾನುವಾರಗಳಿಗೆ ಡೈರಿಯಲ್ಲಿ ಬೇರೆ ಪುಟವಿತ್ತು. ತಲೆಬರಹ ಆಟದ ಹೆಸರು. ಅವಳ ಮನೆಗೆ ಹೋದ ಪ್ರತಿ ಸಲಕ್ಕೂ ಒಂದು ಗೀಟು. ನಲವತ್ತಾರನೆಯ ಗೀಟಿನ ದಿನ ನಾವು ಹಗ್ಗದ ಸೇತುವೆಗೆ ಬಂದಿದ್ದೆವು. ಒಬ್ಬಳು ಹಗ್ಗ ಬಿಗಿಯಾಗಿ ಹಿಡಿದರೆ ಮಾತ್ರ ಇನ್ನೊಬ್ಬಳು ದಾಟಬಹುದು. ಅಷ್ಟರಲ್ಲಿ ಕರೆಂಟು ಹೋಯಿತು.

"ಮುಂದಿನ ಐತವಾರ ನಾ ಹಿಡೀತೀನಿ, ನೀ ದಾಟು" ಎಂದಳು.

ಆ ವಾರವೇ ಅವಳ ಕನ್ಸೋಲಿನ ಕಂಪನಿ ಮನಸ್ಸು ಬದಲಿಸಿ, ಆ ಆಟವನ್ನು ನನ್ನ ಯಂತ್ರಕ್ಕೂ ಬಿಟ್ಟಿತು. ನನ್ನ ವಾದ ಗೆದ್ದಿತು ಎಂದು ಕುಣಿದೆ. ಜೊತೆಗಾರರಿಲ್ಲದಿದ್ದರೆ ಯಂತ್ರವೇ ಹಗ್ಗ ಹಿಡಿಯುತ್ತಿತ್ತು. ಅದು ಒಮ್ಮೆಯೂ ಕೈಬಿಡಲಿಲ್ಲ, ನಾನು ಕೆಳಗೆ ಬಿದ್ದಾಗ ನಗಲೂ ಇಲ್ಲ. ನಾಲ್ಕೇ ದಿನದಲ್ಲಿ ಆಟ ಮುಗಿಯಿತು. ಕೊನೆಗೆ ಏನಾಗುತ್ತದೆ ಎಂದು ಶಬಾನಾಳಿಗೆ ಉದ್ದ ಮೆಸೇಜ್ ಕಳಿಸಿದೆ.

"ಛಲೋ ಆತು ಬಿಡು" ಎಂದಷ್ಟೇ ಬರೆದಳು. ಅದನ್ನೂ ಡೈರಿಗೆ ಇಳಿಸಿಕೊಂಡು, ಪುಟದ ಕೆಳಗೆ 'ಮುಗಿಯಿತು' ಎಂದು ಬರೆದು ಎರಡು ಗೆರೆ ಎಳೆದೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹೋಗದ ದಿನಗಳಿಗೆ ನನ್ನ ಡೈರಿಯಲ್ಲಿ ಪುಟವಿರಲಿಲ್ಲ. ಹೀಗೆ ಐದು ವರ್ಷ.

ಈ ಭಾನುವಾರ ಚೀಲ ಸಿಕ್ಕ ಸಂಜೆಯೇ ಅದನ್ನು ಹಿಡಿದು ಅವರ ಅಂಗಡಿಗೆ ಹೋದೆ. ಚಾಚಾ ಕನ್ನಡಕ ಮೇಲೇರಿಸಿದರು.

"ಲಾಡಿ ಕಿತ್ತೈತೇನವಾ?"

"ಇಲ್ರಿ ಚಾಚಾ. ಶಬಾನಾ?"

"ಧಾರವಾಡದಾಗ ಸಾಲಿ ಟೀಚರ್ ಆಗ್ಯಾಳ. ತಿಂಗಳಿಗೊಮ್ಮಿ ಬರ್ತಾಳ." ಒಳಗೆ ಟಿವಿಯ ಬಾಜು ಕನ್ಸೋಲ್ ಬಟ್ಟೆ ಹೊದ್ದು ಕುಳಿತಿತ್ತು. "ಅವರಣ್ಣನ ಮಕ್ಕಳಿಗೂ ಆ ಟಪಾಲಿನ ಆಟ ಮುಟ್ಟಗೊಡಂಗಿಲ್ಲ ನೋಡು. ಇಬ್ಬರು ಅರ್ಧಕ್ಕ ನಿಂತಾರ, ಅಳಿಸಿಗಿಳಿಸೀರಿ ಅಂತಾಳ."

"ಯಾವ ಐತವಾರ ಬರ್ತಾಳ್ರಿ?"

"ಅದನ್ನ ನನಗ ಕೇಳ್ತಿಯೇನು?" ಎಂದು ಅವರು ಮತ್ತೆ ಮಷಿನ್ ತುಳಿಯತೊಡಗಿದರು.

ಆಟಗಳು ಎಲ್ಲ ಯಂತ್ರಗಳಲ್ಲೂ ಸಿಗಬೇಕು ಎಂದು ನಾನು ಈಗಲೂ ಹೇಳುತ್ತೇನೆ. ಹೇಳುವಾಗ ಮೊದಲಿನ ಜೋರು ಇಲ್ಲ. ಮನೆಗೆ ಬಂದು ಹಳೆಯ ಪುಟ ತೆಗೆದು, ತಲೆಬರಹದಲ್ಲಿ ಆಟದ ಹೆಸರು ಹೊಡೆದು ಹಾಕಿ 'ಶಬಾನಾ' ಎಂದು ಬರೆದೆ. ನಲವತ್ತಾರು ಗೀಟುಗಳೂ ಸರಿಹೊಂದಿದವು.

ಆಮೇಲೆ ಫೋನ್ ತೆಗೆದು ಅವಳಿಗೆ ಬರೆದೆ: "ಮುಂದಿನ ಸಲ ನಾ ಹಿಡೀತೀನಿ, ನೀ ದಾಟು."

ಇವತ್ತಿಗೆ ಮೂರು ದಿನ. ಉತ್ತರ ಬಂದಿಲ್ಲ. ಕಂಟ್ರೋಲರನ್ನು ಕಪಾಟಿನೊಳಗೆ ಇಟ್ಟಿಲ್ಲ. ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ್ದೇನೆ.