ಹಕೀಮ್ ಸಾಹೇಬರ ಮೋಟಾರಿಗೆ ಎಣ್ಣೆ

ನನಗೆ ಮೋಟಾರು ಇಲ್ಲ. ಹಿಂದೆಯೂ ಇರಲಿಲ್ಲ, ಇನ್ನು ಮುಂದೆ ಬರುವ ಲಕ್ಷಣವೂ ಕಾಣುವುದಿಲ್ಲ. ಒಂದು ಸೈಕಲ್ ಇದೆ. ಅದರ ಸರಪಳಿಗೆ ಅಡಿಗೆಮನೆಯ ಕುಸುಬೆ ಎಣ್ಣೆಯನ್ನೇ ಹೆಂಡತಿಯ ಕಣ್ಣು ತಪ್ಪಿಸಿ ಎರಡು ಹನಿ ಬಿಡುತ್ತೇನೆ. ಆದರೂ ಹಳೆಯ ಮೋಟಾರಿಗೆ ಯಾವ ಎಣ್ಣೆ ಒಳ್ಳೆಯದೆಂದು ಯಾರಾದರೂ ಮಾತು ತೆಗೆದರೆ ಸಾಕು, ನನಗೆ ಸುಮ್ಮನಿರಲು ಆಗುವುದಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು ಕೂತುಬಿಡುತ್ತೇನೆ. ಮೋಟಾರು ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಶಾಲೆಯ ಮಾಸ್ತರನಿಗೆ ಇದೆಲ್ಲ ಯಾಕೆ ಬೇಕು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ.

ನಮ್ಮ ಕಡೆಯವರು ಎಣ್ಣೆಯ ವಿಷಯದಲ್ಲಿ ಅಭಿಪ್ರಾಯವಿಲ್ಲದೆ ಬದುಕುವುದೇ ಸಾಧ್ಯವಿಲ್ಲ. ತಲೆಗೆ ಒಂದು, ಒಗ್ಗರಣೆಗೆ ಒಂದು, ದೀಪಕ್ಕೆ ಒಂದು, ಬಂಡಿಯ ಅಚ್ಚಿಗೆ ಒಂದು, ಹೊಟ್ಟೆ ಕಟ್ಟಿದ ಮಗುವಿಗೆ ಒಂದು. ಅಗಸೆ ಎಣ್ಣೆಯ ಮನೆಗೂ ಕುಸುಬೆ ಎಣ್ಣೆಯ ಮನೆಗೂ ಸಂಬಂಧ ಬೆಳೆದರೆ ಸೊಸೆಯ ಕೈರುಚಿ ಮೊದಲ ವರ್ಷ ಯಾರಿಗೂ ಹಿಡಿಸುವುದಿಲ್ಲ. ಇಂಥ ಜನರ ನಡುವೆ ಒಂದು ಮೋಟಾರು ಬಂದು ನಿಂತು, ತನಗೂ ಎಣ್ಣೆ ಬೇಕು ಎಂದರೆ ಏನಾಗಬೇಡ?

ನಾನು ಹೇಳುತ್ತಿರುವುದು ನಮ್ಮೂರನ್ನು ಎಲ್ಲರೂ ಇನ್ನೂ ಕಲ್ಯಾಣಿ ಎಂದು ಕರೆಯುತ್ತಿದ್ದ ಕಾಲದ ಮಾತು. ಬಸವಕಲ್ಯಾಣ ಎಂಬ ಬೋರ್ಡು ಆಮೇಲೆ ಬಂದದ್ದು. ನಿಜಾಮರ ಆಳ್ವಿಕೆ ಹೋಗಿ ಐದಾರು ತಿಂಗಳಾಗಿತ್ತು. ಆ ಮೋಟಾರು ನನ್ನ ಗೆಳೆಯ ಹಕೀಮ್ ಸಾಹೇಬರದು. ಅವರು ಯುನಾನಿ ವೈದ್ಯರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಯಾವುದೋ ಜಹಗೀರದಾರರ ಮನೆಯಲ್ಲಿ ಬೇಡವಾಗಿದ್ದ ಗಾಡಿಯನ್ನು ಕೊಂಡು, ಅದರಲ್ಲಿ ಮಂಠಾಳ, ಮುಡಬಿ ಎಂದು ಹಳ್ಳಿ ಹಳ್ಳಿ ತಿರುಗಿ ನಾಡಿ ನೋಡುತ್ತಿದ್ದರು. ಗಾಡಿ ಎಷ್ಟು ಮೈಲಿ ಓಡಿದೆಯೆಂದು ಕೇಳುವಂತಿರಲಿಲ್ಲ. ಮೈಲಿ ಎಣಿಸುವ ಯಂತ್ರವೇ ಎಂದೋ ದಣಿದು ನಿಂತಿತ್ತು. ಹೊರಟರೆ ಅದರ ಖಡಖಡ ಸದ್ದಿಗೆ ಬೀದಿಯ ಕೋಳಿಗಳು ಗೋಡೆ ಹತ್ತುತ್ತಿದ್ದವು. ಹಿಂದಿನಿಂದ ನೀಲಿ ಹೊಗೆ ಬರುತ್ತಿತ್ತು. ಪೆಟ್ರೋಲಿಗಿಂತ ಎಣ್ಣೆಯನ್ನೇ ಹೆಚ್ಚು ಕುಡಿಯುತ್ತದೆಂದು ಊರಿನವರು ಆಡಿಕೊಳ್ಳುತ್ತಿದ್ದರು.

ಇದಕ್ಕೆ ಕಾರಣ ಗಾಡಿಯ ವಯಸ್ಸು ಅರ್ಧ, ಹಕೀಮ್ ಸಾಹೇಬರ ಶಾಸ್ತ್ರ ಅರ್ಧ. ಯುನಾನಿಯಲ್ಲಿ ಲೋಕದ ಪ್ರತಿ ವಸ್ತುವಿಗೂ ಒಂದು ಮಿಜಾಜ್, ಅಂದರೆ ಸ್ವಭಾವ, ಉಂಟು. ಬಿಸಿ ಅಥವಾ ತಂಪು, ಹಸಿ ಅಥವಾ ಒಣ. ಎಳೆಯ ದೇಹ ಬಿಸಿ ಮತ್ತು ಹಸಿ. ಮುಪ್ಪಿನದು ತಂಪು ಮತ್ತು ಒಣ. ಮುಪ್ಪಿನವರಿಗೆ ಹಗುರಾದದ್ದನ್ನು, ತೆಳ್ಳಗಿನದನ್ನು, ಬೆಚ್ಚಗೆ ಮಾಡಿ ಕೊಡಬೇಕು. ಮನುಷ್ಯರ ಮಟ್ಟಿಗೆ ಇದರಲ್ಲಿ ತಕರಾರು ಮಾಡುವಂಥದ್ದೇನೂ ಇಲ್ಲ. ಹಕೀಮ್ ಸಾಹೇಬರು ಇದನ್ನು ಇಂಜಿನ್ನಿಗೂ ಅನ್ವಯಿಸಿದ್ದರು. ಸಿಗುವುದರಲ್ಲೆಲ್ಲ ತೆಳ್ಳಗಿನ ಎಣ್ಣೆ ತಂದು, ಚಳಿಯ ಮುಂಜಾವಿನಲ್ಲಿ ಹಿತ್ತಾಳೆಯ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ ಹೊಯ್ಯುತ್ತಿದ್ದರು.

“ಮುದುಕ ಮನಷ್ಯಾಗ ಉದ್ದಿನ ವಡಿ ತಿನಸ್ತೀರೇನ್ರಿ ಮಾಸ್ತರ್? ಗಂಜಿ ಕೊಡ್ತೀರಿ. ಇದರ ತಬಿಯತ್ತೂ ಹಂಗೇ ಅದ” ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಮೋಟಾರಿನ ವಿಷಯ ನನಗೆ ಗೊತ್ತಿರಲಿಲ್ಲ, ಗಂಜಿಯ ವಿಷಯ ಗೊತ್ತಿತ್ತು.

ಆ ಮಾಘದಲ್ಲಿ ಗಾಡಿ ಹೊರಗೆ ಬಾರದೆ ಬಹಳ ದಿನಗಳಾಗಿದ್ದವು. ಮೊದಲು ರಜಾಕಾರರ ಕಾಲದ ಅಂಜಿಕೆ, ಗಡಿ ಬಂದಾಗಿ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಆಮೇಲೆ, ಭಾರತದ ಸೈನ್ಯ ಬಂದ ಮೇಲಿನ ಗಡಬಡಿಯ ದಿನಗಳಲ್ಲಿ ಅಂಜುವವರು ಬೇರೆಯಾದರು, ಅಂಜಿಕೆ ಅದೇ ಇತ್ತು. ಹಕೀಮ್ ಸಾಹೇಬರಿಗೆ ಊರಿನಲ್ಲಿ ಯಾರೂ ಏನೂ ಮಾಡಲಿಲ್ಲ. ಆದರೆ ಕೇಳಬಾರದ ಸುದ್ದಿಗಳನ್ನು ಸುತ್ತಲಿನಿಂದ ಕೇಳಿದರು. ಬಾಗಿಲು ಹಾಕಿಕೊಂಡು ಕೂತವರು ಹಳ್ಳಿಗಳ ಕಡೆ ಮುಖ ಹಾಕಲಿಲ್ಲ. ಹೈದರಾಬಾದಿನಲ್ಲಿದ್ದ ಮಗಳು, ಅಬ್ಬಾ ಇಲ್ಲಿಗೇ ಬಂದುಬಿಡಿ ಎಂದು ಬಂದವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದಳು. ಒಂದು ದಿನ ಚಹಾ ಕುಡಿಯುತ್ತ ಅವರು ನನಗೆ ಮೆಲ್ಲಗೆ ಹೇಳಿದರು:

“ಮಾಸ್ತರ್, ಗಾಡಿ ಹೈದರಾಬಾದ್ ತನಕ ಬಾಳಬೇಕು. ಹುಮನಾಬಾದಿನ್ಯಾಗ ಈಗ ಥರಾವರಿ ಎಣ್ಣಿ ಬಂದಾವಂತ. ನಿಮಗ ಇಂಗ್ಲಿಷ್ ಓದ್ಲಿಕ್ಕ ಬರತದ. ಒಂದ್ ಡಬ್ಬಿ ನೋಡಿ ತರ್ರಿ.”

ಅವರು ಇನ್ನು ತಿರುಗಿ ಬರುವುದಿಲ್ಲವೆಂದು ಆ ಮಾತಿನಲ್ಲೇ ತಿಳಿಯಿತು. ನನಗೆ ಬಹಳ ದುಃಖವಾಯಿತು. ಆ ಊರಿನಲ್ಲಿ ಸಂಜೆಯಾದರೆ ಹೋಗಿ ಕೂತು ಮಾತಾಡಲು ನನಗೆ ಇದ್ದದ್ದು ಅದೊಂದೇ ಕಟ್ಟೆ. ಆದರೆ ಭಯಪಟ್ಟ ಮನುಷ್ಯನಿಗೆ ಹೋಗಬೇಡಿ ಎಂದು ಯಾವ ಬಾಯಿಂದ ಹೇಳಲಿ? ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ.

ಹುಮನಾಬಾದು ಶೋಲಾಪುರ–ಹೈದರಾಬಾದ್ ಸಡಕಿನ ಮೇಲಿನ ಊರು. ಅಂಗಡಿಯಲ್ಲಿ ಬಣ್ಣಬಣ್ಣದ ಡಬ್ಬಿಗಳು. ಎಣ್ಣೆಯೇ ಇಲ್ಲದಿದ್ದಾಗ ಆರಿಸುವ ಕಷ್ಟ ಇರಲಿಲ್ಲ. ಈಗ ನನ್ನ ತಲೆ ಗಿಮ್ಮೆಂದಿತು. ನಾನು ಬಂದಿದ್ದ ಬಸ್ಸಿನ ಡ್ರೈವರ್ ಮಾಣಿಕಪ್ಪ ಬೀಡಿ ಹಚ್ಚಿಕೊಂಡು ನನ್ನ ಬೆನ್ನಿಗೇ ಬಂದು ನಿಂತ. “ಹಳೀ ಗಾಡಿಗೆ ಗಟ್ಟಿ ಎಣ್ಣಿನೇ ಹಾಕಬೇಕ್ರಿ. ಒಳಗ ಸವದು ಸಂದು ಆಗಿರತಾವ, ತೆಳ್ಳಂದು ನಿಂದರೂದಿಲ್ಲ” ಎಂದ. ಅಂಗಡಿಯವನು, “ಅದೆಲ್ಲ ಬ್ಯಾಸಗಿ ಮಾತ್ರಿ. ಗಟ್ಟಿ ಹಾಕಿದ್ರ ಚಳಿಗಾಲದಾಗ ಹ್ಯಾಂಡಲ್ ತಿರುವಿ ತಿರುವಿ ರಟ್ಟಿ ಬೀಳತಾವ” ಎಂದ. ಸೀಮೆಎಣ್ಣೆ ಕೊಳ್ಳಲು ಬಂದಿದ್ದ ಹುಡಗಿ ಎಂಬ ಹಳ್ಳಿಯ ರೈತನೊಬ್ಬ, ಯಾರೂ ಕೇಳದಿದ್ದರೂ, ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ, ಮುಂದೆ ಇವೆಲ್ಲ ಏನೂ ಅಲ್ಲ ಎಂದ. ಮೂವರೂ ನನ್ನನ್ನು ಬಿಟ್ಟು ತಮ್ಮೊಳಗೇ ವಾದಕ್ಕೆ ಬಿದ್ದರು.

ನಾನು ಡಬ್ಬಿಗಳ ಮೇಲಿನ ಬರಹ ಓದಿದೆ. ಎಲ್ಲದರ ಮೇಲೂ ತಾನೇ ಉತ್ತಮ ಎಂದಿತ್ತು. ಬೇರೆಯಾಗಿದ್ದದ್ದು ಅಂಕಿ ಮಾತ್ರ. ಒಂದರ ಮೇಲೆ ಮೂವತ್ತು, ಒಂದರ ಮೇಲೆ ನಲವತ್ತು, ಇನ್ನೊಂದರ ಮೇಲೆ ಐವತ್ತು. ವರ್ಷವೆಲ್ಲ ಉತ್ತರಪತ್ರಿಕೆ ತಿದ್ದುವವನಿಗೆ ಅಂಕಿ ಕಂಡರೆ ಮತ್ತೇನು ತೋಚೀತು? ಮೂವತ್ತು ನಮ್ಮ ಶಾಲೆಯಲ್ಲಿ ನಾಪಾಸು. ನಲವತ್ತು ಹೇಗೋ ದಾಟಿಕೊಂಡ ಹುಡುಗ. ಐವತ್ತೇ ಇದ್ದುದರಲ್ಲಿ ಜಾಣ. ಹೈದರಾಬಾದಿನ ತನಕ ನಾಪಾಸಾದವನನ್ನು ನಂಬಿ ಕಳಿಸುವುದು ಹೇಗೆ? ಹಾಗೆಂದು ಮೂವತ್ತರ ಡಬ್ಬಿಯ ಮೇಲೂ ಒಂದು ಗಳಿಗೆ ಕೈ ಇಟ್ಟೆ. ಅದನ್ನು ಒಯ್ದರೆ ಗಾಡಿ ಎಲ್ಲೋ ಅರ್ಧ ದಾರಿಯಲ್ಲಿ ನಿಂತು, ಇವರು ಮನೆಗೆ ಮರಳಿ ಬರಬಹುದಲ್ಲ ಎಂಬ ಆಸೆ. ಆಮೇಲೆ ಅವರು ಒಬ್ಬರೇ ಸಡಕಿನ ಮೇಲೆ ನಿಂತದ್ದು ಕಣ್ಣಿಗೆ ಕಟ್ಟಿ, ಐವತ್ತರದ್ದನ್ನೇ ಎತ್ತಿಕೊಂಡೆ. ಅಂಕಿ ಜಾಣತನದ್ದಲ್ಲ, ಎಣ್ಣೆಯ ದಪ್ಪದ್ದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನ ಮಾಣಿಕಪ್ಪ ಮಾತ್ರ ತನ್ನ ಮಾತನ್ನೇ ಮಾಸ್ತರು ಕೇಳಿದರೆಂದು ಸಂತೋಷಪಟ್ಟು, ಬಸ್ಸಿನಲ್ಲಿ ನನಗೆ ಮುಂದಿನ ಸೀಟು ಕೊಟ್ಟ.

ಹಕೀಮ್ ಸಾಹೇಬರು ಡಬ್ಬಿ ಬಿಚ್ಚಿ, ಬೆರಳಿಗೆ ಎಣ್ಣೆ ಹಚ್ಚಿ ಉಜ್ಜಿ ನೋಡಿ ಮುಖ ಸಿಂಡರಿಸಿದರು. ಮುದಿ ಹೊಟ್ಟೆಗೆ ಇದು ಅರಗಲಿಕ್ಕಿಲ್ಲ ಎಂದರು. ಆದರೂ ಗೆಳೆಯ ತಂದದ್ದು ಎಂದು ಹೊಯ್ದರು. ದೂರದ ದಾರಿಗೆ ಮೊದಲು ಹತ್ತಿರದಲ್ಲಿ ಓಡಿಸಿ ನೋಡೋಣ, ಮಂಠಾಳದ ತನಕ ಹೋಗಿ ಬರೋಣ ಎಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು.

ಗಾಡಿಯಲ್ಲಿ ಆದ ಬದಲಾವಣೆಯನ್ನು ನೀವು ಕೇಳಬೇಕಿತ್ತು. ಕೇಳಲು ಏನೂ ಇರಲಿಲ್ಲ ಎನ್ನುವುದೇ ಆ ಬದಲಾವಣೆ. ಖಡಖಡ ನಿಂತು ಸಣ್ಣಗೆ ಗುಂಯ್‌ಗುಡುವ ಸದ್ದಷ್ಟೇ ಉಳಿದಿತ್ತು. ಹೊಗೆ ಇಲ್ಲ. ಕೋಳಿಗಳು ಬೀದಿಯಲ್ಲೇ ಕೆದಕುತ್ತಿದ್ದವು. ನಾನು ಉಬ್ಬಿಹೋದೆ. ಪರೀಕ್ಷೆಯಲ್ಲಿ ಊರಿಗೇ ಮೊದಲಿಗನಾಗಿ ಬಂದ ಹುಡುಗನ ಮಾಸ್ತರನಂತೆ ಎದೆ ಮುಂದೆ ಮಾಡಿ ಕೂತೆ.

ಆದರೆ ದಾರಿ ಸಾಗಿದಂತೆ ಹಕೀಮ್ ಸಾಹೇಬರ ಮುಖ ಸಣ್ಣದಾಗುತ್ತ ಹೋಯಿತು. ಗಾಡಿ ನಿಧಾನ ಮಾಡುತ್ತಿದ್ದರು, ಮನೆಗಳ ಕಡೆ ನೋಡುತ್ತಿದ್ದರು, ಮತ್ತೆ ಮುಂದೆ ಸಾಗುತ್ತಿದ್ದರು. ಹಾದುಹೋದ ಎರಡು ಹಳ್ಳಿಗಳಲ್ಲಿ ಯಾರೂ ಹೊರಗೆ ಬರಲಿಲ್ಲ. ಮಂಠಾಳದಲ್ಲೂ ಓಣಿ ಖಾಲಿ. ಊರು ದಾಟಿ ಹೊಲಗಳ ನಡುವೆ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದರು. ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ, ಅದನ್ನು ನೋಡದೆಯೇ ಕೈಯಲ್ಲಿ ಹಿಡಿದು ನಿಂತರು.

“ಮೊದಲೆಲ್ಲಾ ನಾ ಬಂದ್ರ ದಾರಿಗುಂಟ ಮಂದಿ ನಿಂತಿರ್ತಿದ್ರು ಮಾಸ್ತರ್” ಎಂದರು. “ಕೂಸಿನ್ನ ಎತ್ತಿಕೊಂಡು, ಮುದುಕರ್ನ ಕೈ ಹಿಡಕೊಂಡು. ಇವತ್ತ ಒಬ್ಬರೂ ಇಲ್ಲ. ನಾ ಬ್ಯಾಡಾಗೀನಿ ಇವರಿಗೆ. ಮಗಳು ಹೇಳೂದೇ ಬರೋಬ್ಬರ್.”

ಹಾಗಲ್ಲ ಎನ್ನಬೇಕೆಂದುಕೊಂಡೆ. ಆದರೆ ಹಾಗಲ್ಲವೆಂದು ನನಗಾದರೂ ಏನು ಗೊತ್ತಿತ್ತು? ಅವರ ಜೊತೆ ಹಳ್ಳಿ ತಿರುಗಿದವನೇ ಅಲ್ಲ ನಾನು. ಆ ತಿಂಗಳುಗಳಲ್ಲಿ ಯಾರು ಯಾರ ಬಗ್ಗೆ ಏನು ಅಂದುಕೊಂಡಿದ್ದಾರೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಹೊಲದಿಂದ ಒಬ್ಬ ಹೆಣ್ಣುಮಗಳು ಹಸಿ ಕಡಲೆಯ ಸೂಡು ಕಂಕುಳಲ್ಲಿಟ್ಟುಕೊಂಡು ಬದುವಿನ ಮೇಲೆ ಬಂದಳು. ನಡುವಯಸ್ಸು ದಾಟಿದವಳು. ಗಾಡಿಯನ್ನು ನೋಡಿದಳು, ಹಕೀಮ್ ಸಾಹೇಬರನ್ನು ನೋಡಿದಳು, ಸೂಡನ್ನು ಅಲ್ಲೇ ಕೆಳಗೆ ಹಾಕಿದಳು.

“ಅಯ್ಯ, ಹಕೀಮ್ ಸಾಬ್ರ! ನೀವೇನ್ರಿ?”

“ನಾನೇ ಶರಣಮ್ಮ” ಎಂದರು ಅವರು. ಯಾರಿಗೋ ಸಿಕ್ಕಿಬಿದ್ದವರ ಹಾಗೆ ದನಿ ಇತ್ತು.

“ಹಿಂಗ ಕಳ್ಳರಂಗ ಸಪ್ಪಳಿಲ್ದ ಬರ್ತಾರೇನ್ರಿ? ನಿಮ್ಮ ಡಬ್ಬಾಗಾಡಿ ಸಪ್ಪಳ ಹರದಾರಿ ದೂರದಾಗ ಕೇಳತಿತ್ತು. ಕೇಳಿದ ಮ್ಯಾಲ ಹಾಸಿಗಿ ಹಿಡದವರನ್ನ ಎಬ್ಬಿಸಿ, ಮಾರಿ ತೊಳಸಿ, ಸಡಕಿಗೆ ತರತಿದ್ವಿ. ಸುಮ್ಮ ಹೋದ್ರ ನಮಗ ಹ್ಯಾಂಗ ಗೊತ್ತಾಗಬೇಕು? ನಮ್ಮ ಅತ್ತಿ ದಿನಾ ಕೇಳತಾಳ, ಹಕೀಮ್ ಸಾಬ್ರ ಗಾಡಿ ಕೇಳಸ್ತೇನ ಅಂತ. ಊರು ಬಿಟ್ಟೇ ಹೋದ್ರೋ ಏನೋ ಅಂತ ಹೆದರಿದ್ವಿ.” ಅಷ್ಟು ಹೇಳಿ ಅವಳಿಗೆ ಸಿಟ್ಟು ಬಂದುಬಿಟ್ಟಿತು. “ಇಲ್ಲೇ ನಿಂದರ್ರಿ. ಹೋಗೀರಿ ಮತ್ತ!” ಎಂದು ಸೆರಗು ಸಿಕ್ಕಿಸಿ ಊರ ಕಡೆ ಓಡಿದಳು.

ಹಕೀಮ್ ಸಾಹೇಬರು ಎಣ್ಣೆಯ ಕಡ್ಡಿ ಹಿಡಿದುಕೊಂಡೇ ಗಾಡಿಯ ಪಾವಟಿಗೆಯ ಮೇಲೆ ಕುಸಿದು ಕೂತರು. ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಐವತ್ತರ ಎಣ್ಣೆ ಬಳಿದುಕೊಂಡರು. ನಾನು ನಕ್ಕೆ, ಅವರೂ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಬದುವಿನ ಮೇಲೆ ಜನ ಬರುವುದು ಕಂಡಿತು. ಅತ್ತೆಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಬಂದರು. ಹೊತ್ತು ಇಳಿಯುವವರೆಗೂ ಹಕೀಮ್ ಸಾಹೇಬರು ಅದೇ ಪಾವಟಿಗೆಯ ಮೇಲೆ ಕೂತು ನಾಡಿ ಹಿಡಿದರು. ನಾನು ಕಡಲೆ ಸುಲಿದು ತಿಂದೆ.

ಎರಡು ದಿನ ಬಿಟ್ಟು ಅವರ ಮನೆಗೆ ಹೋದಾಗ ಗಾಡಿಯ ಹೊಟ್ಟೆಯ ಕೆಳಗೆ ಬೋಗುಣಿ ಇತ್ತು. ನಾನು ತಂದ ಎಣ್ಣೆ ಅದರೊಳಗೆ ದಪ್ಪಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಹಿತ್ತಾಳೆಯ ಪಾತ್ರೆಯಲ್ಲಿ ತೆಳು ಎಣ್ಣೆ ಬೆಚ್ಚಗಾಗುತ್ತಿತ್ತು.

“ಹಾರ್ನ್ ಹೊಡೆದರೆ ಆಯಿತಲ್ಲ ಸಾಹೇಬರೇ, ಎಣ್ಣೆ ಯಾಕೆ ತೆಗೀತೀರಿ?” ಎಂದೆ.

“ಹಾರ್ನ್ ಬಸ್ಸಿನವನೂ ಹೊಡೀತಾನ. ಅದಕ್ಕ ಯಾರು ಹಾಸಿಗಿಂದ ಏಳತಾರ?”

“ಈ ತೆಳ್ಳಗಿನ ಎಣ್ಣೆ ಹಾಕಿದರೆ ಗಾಡಿ ಹೈದರಾಬಾದ್ ಮುಟ್ಟೋದಿಲ್ಲ.”

ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಶಾಸ್ತ್ರ ಗೆದ್ದವರ ಗತ್ತಿನಲ್ಲಿ ನನ್ನನ್ನು ನೋಡಿದರು. “ಮಂಠಾಳ ಮುಟ್ಟತದಲ್ಲ? ಬಸ್, ಅಷ್ಟ ಸಾಕು.”

ಡಬ್ಬಿಯಲ್ಲಿ ಉಳಿದಿದ್ದ ಐವತ್ತರ ಎಣ್ಣೆಯನ್ನು ನನಗೇ ವಾಪಸು ಕೊಟ್ಟರು. ಮನೆಗೆ ತಂದಿಟ್ಟೆ. ನನ್ನ ಹೆಂಡತಿ ಒಂದು ದಿನ ಕಿರುಗುಟ್ಟುತ್ತಿದ್ದ ಮುಂಬಾಗಿಲ ತಿರುಗಣಿಗೆ ಅದನ್ನು ಬಿಟ್ಟಳು. ಬಾಗಿಲು ಚೆನ್ನಾಗಿ ತಿರುಗತೊಡಗಿತು. ಆದರೆ ಯಾರು ಬಂದರು, ಯಾರು ಹೋದರು ಎಂಬುದು ಒಳಕೋಣೆಯಲ್ಲಿ ಕೂತ ನನಗೆ ತಿಳಿಯದಾಯಿತು. ಒಂದು ಸಂಜೆ ಹಕೀಮ್ ಸಾಹೇಬರು ಬಂದು, ನನ್ನ ದನಿ ಕೇಳದೆ, ಪಡಸಾಲೆಯಿಂದಲೇ ತಿರುಗಿ ಹೋಗಿದ್ದರಂತೆ. ಅವತ್ತೇ ಬಟ್ಟೆ ತೆಗೆದುಕೊಂಡು ಆ ತಿರುಗಣಿಯನ್ನು ಒಣಗುವ ತನಕ ಒರೆಸಿದೆ. ಹೆಂಡತಿ ನನಗೆ ಬುದ್ಧಿ ಕೆಟ್ಟಿದೆ ಎಂದಳು. ಈಗ ಬಾಗಿಲು ಕಿರುಗುಟ್ಟಿದೊಡನೆ ನಾನು ಎದ್ದು ಚಹಾಕ್ಕೆ ಇಡಲು ಹೇಳುತ್ತೇನೆ.